ಕಣ್ಣು ತಿದ್ದುವ ರೇಖಾಭ್ಯಾಸ

ಚಿತ್ರ ಬರೆಯಲು ಬಾರದು ಎನ್ನುವವರಲ್ಲಿ ಹೆಚ್ಚಿನವರು ದೋಷವನ್ನು ಕೈಯ ಮೇಲೆ ಹೊರಿಸುತ್ತಾರೆ. ಕೈ ನಡುಗುತ್ತದೆ, ಗೆರೆ ನೇರ ಬರುವುದಿಲ್ಲ, ಬೆರಳು ಹೇಳಿದಂತೆ ಕೇಳುವುದಿಲ್ಲ ಎಂಬುದು ಸಾಮಾನ್ಯ ದೂರು. ಆದರೆ ಅದೇ ಕೈ ದಿನವೂ ಅಕ್ಷರ ಬರೆಯುತ್ತದೆ, ಸೂಜಿಗೆ ದಾರ ಪೋಣಿಸುತ್ತದೆ, ಅಂಗಳದಲ್ಲಿ ಚುಕ್ಕಿ ತಪ್ಪದೆ ರಂಗೋಲಿ ಎಳೆಯುತ್ತದೆ. ಇಷ್ಟೆಲ್ಲ ಮಾಡಬಲ್ಲ ಕೈಗೆ ಒಂದು ಕುರ್ಚಿಯ ಕಾಲನ್ನು ಬರೆಯುವುದು ಅಸಾಧ್ಯವಾಗಬೇಕಿಲ್ಲ. 1997ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇಲ್ ಕೋಹೆನ್ ಮತ್ತು ಸೂಸನ್ ಬೆನೆಟ್ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಕಂಡದ್ದನ್ನು ಕಂಡಂತೆ ಬರೆಯಲು ಬಹುಪಾಲು ಜನರಿಗೆ ಏಕೆ ಆಗುವುದಿಲ್ಲ ಎಂದು ಪ್ರಯೋಗ ಮಾಡಿ ನೋಡಿದರು. ಕೈಯ ಹಿಡಿತದ ಕೊರತೆ ತೀರ ಸಣ್ಣ ಕಾರಣ, ಎದುರಿಗಿರುವ ವಸ್ತುವನ್ನು ತಪ್ಪಾಗಿ ನೋಡುವುದೇ ದೊಡ್ಡ ಕಾರಣ ಎಂಬ ತೀರ್ಮಾನಕ್ಕೆ ಅವರು ಬಂದರು.

ತಪ್ಪಾಗಿ ನೋಡುವುದು ಎಂದರೇನು ಎಂಬುದು ಒಂದು ಹಿತ್ತಾಳೆ ಚೊಂಬಿನ ಮುಂದೆ ಕೂತರೆ ತಿಳಿಯುತ್ತದೆ. ಚೊಂಬನ್ನು ಮೇಜಿನ ಮೇಲಿಟ್ಟು ಹೊಸಬರಿಗೆ ಬರೆಯಲು ಹೇಳಿದರೆ ಹಾಳೆ ಹಾಳೆಯಲ್ಲೂ ಒಂದೇ ಬಗೆಯ ತಪ್ಪುಗಳು ಬರುತ್ತವೆ. ಬಾಯಿ ಕಾಣುವುದಕ್ಕಿಂತ ಹೆಚ್ಚು ದುಂಡಗೆ ಬಂದಿರುತ್ತದೆ, ಅದರ ಎಡಬಲದ ತುದಿಗಳು ಚೂಪಾಗಿರುತ್ತವೆ. ತಳ ಮಾತ್ರ ಸ್ಕೇಲಿಟ್ಟು ಎಳೆದಂತೆ ನೇರ ಗೆರೆ. ನಿಜವಾಗಿ ಕಾಣುವುದು ಇದಕ್ಕೆ ತೀರ ವಿರುದ್ಧ. ಕಣ್ಣಿನ ಮಟ್ಟಕ್ಕೆ ಹತ್ತಿರವಿರುವ ಬಾಯಿ ಚಪ್ಪಟೆಯಾದ ದೀರ್ಘವೃತ್ತವಾಗಿ ಕಾಣುತ್ತದೆ. ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವ ತಳದ ಅಂಚು ಅದಕ್ಕಿಂತ ಹೆಚ್ಚು ಬಾಗಿರುತ್ತದೆ. ತುದಿಗಳಲ್ಲಿ ಚೂಪು ಎಂಬುದೇ ಇಲ್ಲ, ಅಲ್ಲಿ ಗೆರೆ ಬಿಗಿಯಾಗಿ ತಿರುಗುತ್ತದೆ ಅಷ್ಟೆ. ಬಾಯಿ ದುಂಡಗಿದೆ, ತಳ ಸಮತಟ್ಟಾದ ಮೇಜಿನ ಮೇಲೆ ಕೂತಿದೆ ಎಂಬುದು ಬರೆಯುವವರಿಗೆ ಮೊದಲೇ ಗೊತ್ತು. ಹಾಳೆಯ ಮೇಲೆ ಇಳಿಯುವುದು ಆ ತಿಳಿವಳಿಕೆ. ಎದುರಿಗಿರುವ ನೋಟ ಹಿಂದೆ ಉಳಿಯುತ್ತದೆ.

ಇದು ಮಂದಬುದ್ಧಿಯ ಗುರುತಲ್ಲ. ಓರೆಯಾಗಿಟ್ಟ ದುಂಡು ತಟ್ಟೆ ಹೇಗೆ ಕಾಣುತ್ತದೋ ಹಾಗೇ ತೋರಿಸಿ ಎಂದು ಕೇಳಿದಾಗಲೂ ಜನ ಅದನ್ನು ನಿಜಕ್ಕಿಂತ ಹೆಚ್ಚು ದುಂಡಗೆ ತೋರಿಸುತ್ತಾರೆ ಎಂಬುದನ್ನು ಬ್ರಿಟನ್ನಿನ ರಾಬರ್ಟ್ ಥೌಲೆಸ್ 1931ರಲ್ಲೇ ದಾಖಲಿಸಿದ್ದರು. ದೂರದಲ್ಲಿ ಬರುವ ಬಸ್ಸು ಕಣ್ಣಿಗೆ ಬೆರಳುದ್ದ ಕಂಡರೂ ಅದನ್ನು ಪೂರ್ಣ ಗಾತ್ರದ ಬಸ್ಸೆಂದೇ ಮಿದುಳು ತಿಳಿಯಬೇಕು, ಇಲ್ಲದಿದ್ದರೆ ರಸ್ತೆ ದಾಟುವಂತಿಲ್ಲ. ಬದುಕಿಗೆ ಬೇಕೇ ಬೇಕಾದ ಈ ತಿದ್ದುಪಡಿ ಚಿತ್ರ ಬರೆಯುವಾಗ ಅಡ್ಡ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕೂ ಒಂದಿದೆ. ತಪ್ಪು ನೋಟದಿಂದ ಬರೆದ ಚಿತ್ರವನ್ನು ಪರಿಶೀಲಿಸುವುದೂ ಅದೇ ಕಣ್ಣು. ಚೊಂಬಿನ ಬಾಯಿಯನ್ನು ದುಂಡಗೆ ನೋಡಿದವನಿಗೆ ತಾನು ಬರೆದ ದುಂಡು ಬಾಯಿ ಸರಿಯಾಗಿಯೇ ಕಾಣುತ್ತದೆ. ಏನೋ ಎಲ್ಲೋ ತಪ್ಪಿದೆ ಎಂಬ ಕಸಿವಿಸಿ ಉಳಿಯುತ್ತದೆಯೇ ಹೊರತು ಎಲ್ಲಿ ಎಂಬುದು ಹೊಳೆಯುವುದಿಲ್ಲ. ಬರೀ ಬರೆಯುತ್ತ ಹೋದರೆ ಸಾಕು, ತಾನಾಗಿ ಕೈ ಕೂಡುತ್ತದೆ ಎಂಬ ಸಲಹೆ ಅರ್ಧ ಮಾತ್ರ ನಿಜವಾಗುವುದು ಇದರಿಂದಲೇ. ಐದು ವರ್ಷ ಒಂದೇ ತಪ್ಪನ್ನು ಬರೆದವರ ಕೈಯಲ್ಲಿ ಆ ತಪ್ಪು ಗಟ್ಟಿಯಾಗುತ್ತದೆ. ಕ್ರಮಬದ್ಧ ಅಭ್ಯಾಸಗಳೂ ಗುರುವಿನ ತಿದ್ದುಪಡಿಯೂ ಬೇಕಾಗುವುದು ಈ ಗಂಟನ್ನು ಬಿಡಿಸಲಿಕ್ಕೆ.

ಒಳ್ಳೆಯ ಅಭ್ಯಾಸದ ಲಕ್ಷಣ ಎರಡು. ಅದು ಒಂದು ಸಲಕ್ಕೆ ಒಂದೇ ಕೌಶಲವನ್ನು ಬೇರ್ಪಡಿಸಿ ತೆಗೆದುಕೊಳ್ಳುತ್ತದೆ. ತಪ್ಪಾದದ್ದನ್ನು ತೋರಿಸಿಕೊಡುವ ಒಂದು ಉಪಾಯ ಅದರೊಳಗೇ ಇರುತ್ತದೆ. ಸಂಗೀತದಲ್ಲಿ ಕೃತಿಗೆ ಹೋಗುವ ಮೊದಲು ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಹಾಡಿಸುವ ಕ್ರಮ ಕನ್ನಡಿಗರಿಗೆ ಹೊಸದಲ್ಲ. ಚಿತ್ರಕಲೆಯಲ್ಲೂ ಅಂಥ ವರಸೆಗಳಿವೆ. ಆದರೆ ಶಾಲೆಯ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಮಾಸ್ತರು ಬೋರ್ಡಿನ ಮೇಲೆ ಬರೆದ ಮನೆ, ಬೆಟ್ಟ, ಸೂರ್ಯನನ್ನು ನಕಲು ಮಾಡಿ ಮುಗಿಸಿದ ಹೆಚ್ಚಿನವರಿಗೆ ಅವುಗಳ ಪರಿಚಯವೇ ಆಗಿರುವುದಿಲ್ಲ.

ಮೊದಲ ವರಸೆ ಗೆರೆಯದು. ಅಕ್ಷರ ಬರೆಯುವಾಗ ಮಣಿಕಟ್ಟು ಮತ್ತು ಬೆರಳು ಆಡುತ್ತವೆ; ಅವುಗಳ ವ್ಯಾಪ್ತಿ ಒಂದೆರಡು ಇಂಚು. ಹಾಳೆಯಗಲದ ಗೆರೆಯನ್ನು ಮಣಿಕಟ್ಟಿನಿಂದ ಎಳೆದರೆ ಅದು ಕಮಾನಾಗುತ್ತದೆ, ಇಲ್ಲವೇ ಪುಟ್ಟ ಪುಟ್ಟ ತುಂಡುಗಳ ಜೋಡಣೆಯಾಗುತ್ತದೆ. ಅದಕ್ಕಾಗಿ ಉದ್ದ ಗೆರೆಯನ್ನು ತೋಳಿನಿಂದ, ಭುಜವನ್ನು ತಿರುಗಣಿ ಮಾಡಿಕೊಂಡು ಎಳೆಯಲು ಕಲಿಸುತ್ತಾರೆ. ಎರಡು ಚುಕ್ಕಿ ಇಟ್ಟು, ಪೆನ್ನು ಕಾಗದಕ್ಕೆ ತಾಗದಂತೆ ಗಾಳಿಯಲ್ಲೇ ಒಂದರಿಂದ ಇನ್ನೊಂದಕ್ಕೆ ನಾಲ್ಕಾರು ಸಲ ಓಡಿಸಿ, ಕೈಗೆ ದಾರಿ ಗೊತ್ತಾದ ಮೇಲೆ ಒಂದೇ ಉಸಿರಿನಲ್ಲಿ ಎಳೆದುಬಿಡಬೇಕು. ಗೆರೆ ಚುಕ್ಕಿಯನ್ನು ತಪ್ಪಿಸಿಕೊಂಡು ಹೋದರೂ ಚಿಂತೆಯಿಲ್ಲ, ನಡುವೆ ನಡುಗಬಾರದು. ಗುರಿ ಮುಟ್ಟಿಸುವ ಆತಂಕದಲ್ಲಿ ಕೈ ನಿಧಾನವಾದರೆ ಕಣ್ಣು ದಾರಿಯುದ್ದಕ್ಕೂ ತಿದ್ದಲು ಹೋಗುತ್ತದೆ, ನಡುಕ ಬರುವುದು ಅದರಿಂದ. ಸ್ಕೇಲಿನಿಂದ ಎಳೆದ ಒಂದು ಗೆರೆಯ ಮೇಲೆ ಬರಿಗೈಯಿಂದ ಎಂಟು ಸಲ ಗೆರೆ ಎಳೆಯುವುದು ಇನ್ನೊಂದು ಅಭ್ಯಾಸ. ಹೊರಟ ತುದಿಯಲ್ಲೇ ಗೆರೆಗಳು ಕವಲಾಗಿದ್ದರೆ ಆತುರ ಹೆಚ್ಚಾಗಿದೆ ಎಂದರ್ಥ. ಮುಗಿಯುವ ತುದಿಯಲ್ಲಿ ಕವಲಾಗುವುದು ಸಹಜ, ದಿನ ಕಳೆದಂತೆ ಅದು ಕಡಿಮೆಯಾಗುತ್ತದೆ.

ಈ ಎರಡೂ ಅಭ್ಯಾಸಗಳು ಇರ್ಷಾದ್ ಕರೀಮ್ ಎಂಬ ಕಲಾವಿದ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ‘ಡ್ರಾಅಬಾಕ್ಸ್’ ಪಾಠಮಾಲೆಯ ಮೊದಲ ಪಾಠದಲ್ಲಿವೆ. ಅಮೆರಿಕದ ಪ್ಯಾಸಡೀನಾದಲ್ಲಿ ಪೀಟರ್ ಹಾನ್ ಅವರ ಬಳಿ ಕಲಿತ ಪದ್ಧತಿಯನ್ನು ಕರೀಮ್ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಇಟ್ಟಿದ್ದಾರೆ. ಪೆನ್ಸಿಲ್ ಬೇಡ, ಅಳಿಸಲಾಗದ ಶಾಯಿಯ ಪೆನ್ನೇ ಬೇಕು ಎಂಬುದು ಅಲ್ಲಿನ ನಿಯಮ. ರಬ್ಬರ್ ಕೈಯಲ್ಲಿದ್ದರೆ ಗೆರೆ ಎಳೆಯುವ ಮುಂಚಿನ ಯೋಚನೆ ಸಡಿಲವಾಗುತ್ತದೆ, ಹಾಳೆಯ ಮೇಲಿನ ತಪ್ಪೂ ತಿದ್ದುವವರ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತದೆ. ಅಭ್ಯಾಸದ ಮಟ್ಟಿಗೆ ಇದು ಸರಿಯಾದ ನಿಯಮ. ನೆರಳು-ಬೆಳಕಿನ ಕೆಲಸಕ್ಕೆ ಬಂದಾಗ ಪೆನ್ಸಿಲ್, ಇದ್ದಿಲು, ರಬ್ಬರ್ ಎಲ್ಲವೂ ಬೇಕಾಗುತ್ತವೆ.

ಈ ಪಾಠಮಾಲೆಯ ಅತಿ ಪ್ರಸಿದ್ಧ ಭಾಗ 250 ಪೆಟ್ಟಿಗೆಗಳ ಸವಾಲು. ಕಲಿಯುವವರು ಯಾವ ಮಾದರಿಯನ್ನೂ ನೋಡದೆ, ಒಂದೊಂದು ಒಂದೊಂದು ಕಡೆ ತಿರುಗಿರುವಂತೆ 250 ಪೆಟ್ಟಿಗೆಗಳನ್ನು ಬರಿಗೈಯಲ್ಲಿ ಬರೆಯಬೇಕು. ಪೆಟ್ಟಿಗೆಗೆ 12 ಅಂಚುಗಳು. ನಾಲ್ಕು ನಾಲ್ಕರಂತೆ ಅವು ಮೂರು ದಿಕ್ಕಿಗೆ ಹೋಗುತ್ತವೆ, ಪ್ರತಿಯೊಂದು ನಾಲ್ಕರ ಗುಂಪೂ ವಾಸ್ತವದಲ್ಲಿ ಪರಸ್ಪರ ಸಮಾಂತರ. ಆದರೆ ಪರ್ಸ್ಪೆಕ್ಟಿವ್ ನಿಯಮದಂತೆ ಸಮಾಂತರ ಗೆರೆಗಳು ನೋಡುವವರಿಂದ ದೂರ ಸರಿದಂತೆಲ್ಲ ಒಂದು ಬಿಂದುವಿನತ್ತ ಕೂಡುತ್ತ ಹೋಗಬೇಕು. ಬರೆದಾದ ಮೇಲೆ ಬೇರೆ ಬಣ್ಣದ ಪೆನ್ನಿನಿಂದ, ಸ್ಕೇಲಿಟ್ಟು, ಪ್ರತಿ ಅಂಚನ್ನೂ ದೂರದ ದಿಕ್ಕಿಗೆ ಬೆಳೆಸಬೇಕು. ಸತ್ಯ ಹೊರಬೀಳುವುದು ಆಗ. ಕಣ್ಣಿಗೆ ಒಪ್ಪವಾಗಿ ಕಂಡ ಪೆಟ್ಟಿಗೆಯ ನಾಲ್ಕು ಗೆರೆಗಳಲ್ಲಿ ಎರಡು ಬೇಗ ಕೂಡಿಬಿಟ್ಟಿರುತ್ತವೆ, ಒಂದು ಹೊರಗೇ ಬಾಗಿ ಓಡಿರುತ್ತದೆ. ಹಿಂದಿನ ಮೂಲೆ, ಅಂದರೆ ಪೆಟ್ಟಿಗೆ ಪಾರದರ್ಶಕವಾಗಿದ್ದರೆ ಮಾತ್ರ ಕಾಣುವ ಆ ಮೂಲೆ, ಮೊದಲ ಐವತ್ತು ಪೆಟ್ಟಿಗೆಗಳಲ್ಲಿ ಬಹುಮಟ್ಟಿಗೆ ತಪ್ಪಾಗಿಯೇ ಇರುತ್ತದೆ. ಬೇರೆಲ್ಲ ಮೂಲೆಗಳ ಸಣ್ಣ ತಪ್ಪುಗಳೂ ಬಂದು ಅಲ್ಲಿ ಒಟ್ಟುಗೂಡುತ್ತವೆ. ಮುಂದಿನ ಪೆಟ್ಟಿಗೆಯನ್ನು ಬರೆಯುವಾಗ ಕಲಿಯುವವರು ಒಂದು ಗೆರೆಯನ್ನು ಅದರ ಪಕ್ಕದ ಗೆರೆಯೊಂದಿಗಷ್ಟೇ ಹೋಲಿಸದೆ ನಾಲ್ಕರ ಗುಂಪಿನೊಂದಿಗೆ ಹೋಲಿಸಲು ತೊಡಗುತ್ತಾರೆ. ಪೆಟ್ಟಿಗೆ ಕಲಿಸುವುದು ಇದನ್ನೇ. ಬಸ್ಸು, ಕಟ್ಟಡ, ಕಪಾಟು, ಕಡೆಗೆ ಮನುಷ್ಯನ ಎದೆಗೂಡನ್ನೂ ಓರೆಯಾಗಿ ಕೂರಿಸಬೇಕಾದಾಗ ಒಳಗೊಂದು ಪೆಟ್ಟಿಗೆಯನ್ನು ಕಲ್ಪಿಸಿಕೊಂಡೇ ಕೂರಿಸುವುದು.

ಸಮಾಂತರ ಗೆರೆಗಳನ್ನು ಹೀಗೆ ಲೆಕ್ಕದಿಂದ ಕೂಡಿಸುವ ವಿದ್ಯೆ ಇಟಲಿಯ ಫ್ಲಾರೆನ್ಸ್‌ನಲ್ಲಿ 15ನೇ ಶತಮಾನದ ಆರಂಭದಲ್ಲಿ ವಾಸ್ತುಶಿಲ್ಪಿ ಬ್ರುನೆಲೆಸ್ಕಿಯ ಪ್ರಯೋಗಗಳಿಂದ ರೂಪುಗೊಂಡಿತು. 1435ರಲ್ಲಿ ವಿದ್ವಾಂಸ ಆಲ್ಬರ್ಟಿ ಅದನ್ನು ಗ್ರಂಥವಾಗಿ ಬರೆದಿಟ್ಟ. ಬರೆದ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ತಪ್ಪು ಹುಡುಕಬೇಕೆಂಬ ಸಲಹೆಯೂ ಆ ಗ್ರಂಥದಲ್ಲಿದೆ, ಮುಂದೆ ಲಿಯೊನಾರ್ಡೊ ಕೂಡ ಅದನ್ನೇ ಹೇಳಿದ್ದಾನೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾದಾಗ ಪರಿಚಿತ ಚಿತ್ರ ಅಪರಿಚಿತವಾಗುತ್ತದೆ. ಇಷ್ಟು ಹೊತ್ತೂ ಸರಿ ಎನಿಸಿದ್ದ ಮುಖ ಒಂದು ಕಡೆಗೆ ವಾಲಿರುವುದು ಥಟ್ಟನೆ ಕಾಣುತ್ತದೆ. ಕಣ್ಣಿಗೆ ಅದರ ರೂಢಿಯನ್ನು ಕ್ಷಣಹೊತ್ತು ಮರೆಸುವ ಉಪಾಯಗಳಲ್ಲಿ ಇದೇ ಅತಿ ಹಳೆಯದು ಮತ್ತು ಅತಿ ಅಗ್ಗದ್ದು.

ಇದೇ ಜಾತಿಯ ಇನ್ನಷ್ಟು ಉಪಾಯಗಳು 20ನೇ ಶತಮಾನದಲ್ಲಿ ತರಗತಿಗೆ ಬಂದವು. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿಸುತ್ತಿದ್ದ ಕೀಮನ್ ನಿಕೊಲೈಡಿಸ್ ಅವರ ಪಾಠಕ್ರಮ, ಅವರು ತೀರಿಕೊಂಡ ಮೇಲೆ, 1941ರಲ್ಲಿ ಪುಸ್ತಕವಾಗಿ ಬಂತು. ಕಾಗದವನ್ನು ನೋಡದೆ, ವಸ್ತುವಿನ ಅಂಚಿನ ಮೇಲೆ ಕಣ್ಣು ಹರಿದಷ್ಟೇ ನಿಧಾನವಾಗಿ ಪೆನ್ಸಿಲನ್ನೂ ಹರಿಸುವುದು ಅವರ ಮೊದಲ ಅಭ್ಯಾಸ. ಬಂದ ಚಿತ್ರ ವಿಕಾರವಾಗಿರುತ್ತದೆ, ಇರಲಿ. ಕಣ್ಣು ಅಂಚಿನ ಒಂದೊಂದು ತಗ್ಗನ್ನೂ ಮುಟ್ಟಿ ನೋಡುವ ಹಾಗೆ ಹೋಗಿದ್ದೇ ಅದರ ಲಾಭ. ಅವರ ಇನ್ನೊಂದು ಅಭ್ಯಾಸ ಇದಕ್ಕೆ ತಿರುಗುಮುರುಗು: ರೂಪದರ್ಶಿ ಒಂದೆರಡು ನಿಮಿಷಕ್ಕೊಮ್ಮೆ ಭಂಗಿ ಬದಲಾಯಿಸುವಾಗ ಅಂಚನ್ನು ಬಿಟ್ಟು, ಮೈಯ ಭಾರ ಎಲ್ಲಿ ಬಿದ್ದಿದೆ, ಬೆನ್ನು ಎತ್ತ ಬಾಗಿದೆ ಎಂಬುದನ್ನಷ್ಟೇ ಹಿಡಿಯುವುದು. ಒಂದು ತಾಳ್ಮೆಯನ್ನು ಕಲಿಸಿದರೆ ಇನ್ನೊಂದು ಮುಖ್ಯವಾದದ್ದನ್ನು ಬೇಗ ಆರಿಸುವುದನ್ನು ಕಲಿಸುತ್ತದೆ.

1979ರಲ್ಲಿ ಬಂದ ಬೆಟ್ಟಿ ಎಡ್ವರ್ಡ್ಸ್ ಅವರ ಪುಸ್ತಕ ಇನ್ನೂ ಹೆಚ್ಚು ಜನರನ್ನು ತಲುಪಿತು. ಪಿಕಾಸೊ 1920ರಲ್ಲಿ ಬರೆದ ಸಂಗೀತ ಸಂಯೋಜಕ ಸ್ಟ್ರಾವಿನ್ಸ್ಕಿಯ ರೇಖಾಚಿತ್ರವನ್ನು ತಲೆಕೆಳಗಾಗಿಟ್ಟು ನಕಲು ಮಾಡಿಸುವುದು ಅವರ ಹೆಸರಾಂತ ಪಾಠ. ತಲೆಕೆಳಗಾದ ಚಿತ್ರದಲ್ಲಿ ಮೂಗು, ಬೆರಳು, ಕನ್ನಡಕ ಎಂದು ಹೆಸರಿಡಲು ತಕ್ಷಣ ಆಗುವುದಿಲ್ಲ. ಹೆಸರು ಹೋದ ಮೇಲೆ ಉಳಿಯುವುದು ಗೆರೆ, ಕೋನ ಮತ್ತು ಅಂತರ. ನೆಟ್ಟಗಿಟ್ಟು ಬರೆದದ್ದಕ್ಕಿಂತ ತಲೆಕೆಳಗಾಗಿಟ್ಟು ಬರೆದ ನಕಲು ಚೆನ್ನಾಗಿ ಬಂದದ್ದನ್ನು ಕಂಡು ಕಲಿಯುವವರೇ ಬೆರಗಾಗುತ್ತಾರೆ. ಮಿದುಳಿನ ಬಲಭಾಗ ಚಿತ್ರದ್ದು, ಎಡಭಾಗ ಮಾತಿನದು ಎಂದು ಆ ಪುಸ್ತಕ ಮಾಡುವ ನೇರ ವಿಭಜನೆಯನ್ನು ಇಂದಿನ ನರವಿಜ್ಞಾನ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಅಭ್ಯಾಸ ಮಾತ್ರ ಕೆಲಸ ಮಾಡುತ್ತದೆ. ಕುರ್ಚಿಯನ್ನು ಬಿಟ್ಟು ಕುರ್ಚಿಯ ಕಾಲುಗಳ ನಡುವಿನ ಖಾಲಿ ಜಾಗಗಳ ಆಕಾರವನ್ನು ಬರೆಯಿಸುವುದರ ಹಿಂದೆಯೂ ಇದೇ ತರ್ಕವಿದೆ. ಖಾಲಿ ಜಾಗ ಹೇಗಿರಬೇಕು ಎಂಬ ಪೂರ್ವಕಲ್ಪನೆ ಯಾರಿಗೂ ಇರುವುದಿಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಕಲಾವಿದರು ಕೈ ನೀಡಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಮುಂದೆ ಹಿಡಿದು ಹೆಬ್ಬೆರಳು ಸರಿಸುವುದನ್ನು ಎಲ್ಲರೂ ನೋಡಿದ್ದಾರೆ. ಚೊಂಬಿನ ಅಗಲ ಅದರ ಎತ್ತರದಲ್ಲಿ ಎಷ್ಟು ಪಾಲು ಎಂದು ನೋಡುವುದು ಅದರ ಉದ್ದೇಶ. ಮೊಣಕೈ ಬಾಗಿದರೆ ಅಳತೆ ಕೆಟ್ಟಿತು. ಪ್ರತಿ ಸಲವೂ ತೋಳು ನೆಟ್ಟಗಿರಲೇಬೇಕು. ಮುಖದ ವಿಷಯದಲ್ಲಿ ಈ ಅಳತೆ ಎಲ್ಲರನ್ನೂ ಚಕಿತಗೊಳಿಸುತ್ತದೆ. ವಯಸ್ಕರ ತಲೆಯಲ್ಲಿ ನೆತ್ತಿಯಿಂದ ಗಲ್ಲದವರೆಗಿನ ಎತ್ತರದ ಹೆಚ್ಚುಕಡಿಮೆ ನಟ್ಟನಡುವೆ ಕಣ್ಣುಗಳಿರುತ್ತವೆ. ಹೊಸಬರು ಅವನ್ನು ಬಹಳ ಮೇಲೆ ಇಡುತ್ತಾರೆ. ಗಮನವೆಲ್ಲ ಕಣ್ಣು, ಮೂಗು, ಬಾಯಿಯ ಮೇಲಿರುವುದರಿಂದ ಹಣೆ ಮತ್ತು ಕೂದಲಿಗೆ ಮನಸ್ಸು ಕಡಿಮೆ ಜಾಗ ಕೊಡುತ್ತದೆ. ನುರಿತವರು ವಸ್ತುವಿನಿಂದ ಕಾಗದಕ್ಕೆ, ಕಾಗದದಿಂದ ವಸ್ತುವಿಗೆ ಪದೇ ಪದೇ ಕಣ್ಣು ಹೊರಳಿಸುತ್ತಾರೆ ಎಂಬುದನ್ನು ಕೋಹೆನ್ 2005ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಹೊಸಬರು ಒಮ್ಮೆ ನೋಡಿ ಬಹಳ ಹೊತ್ತು ಬರೆಯುತ್ತಾರೆ. ನೋಟದ ನೆನಪು ಕೆಲವೇ ಕ್ಷಣಗಳಲ್ಲಿ ಮಸುಕಾಗಿ, ಆ ಜಾಗಕ್ಕೆ ಮತ್ತೆ ತಿಳಿವಳಿಕೆ ನುಸುಳುತ್ತದೆ.

ನೆರಳು-ಬೆಳಕು ಆಮೇಲಿನ ಹಂತ. ಒಂದು ಚೆಂಡಿನ ಮೇಲೆ ಒಂದೇ ದಿಕ್ಕಿನಿಂದ ಬೆಳಕು ಬಿಟ್ಟು ಹೊಳಪು, ನಸುನೆರಳು, ಗಾಢ ನೆರಳು, ನೆಲದಿಂದ ಪುಟಿದು ಬಂದ ಬೆಳಕು, ನೆಲಕ್ಕೆ ಬಿದ್ದ ನೆರಳು ಎಂದು ಐದು ಪಟ್ಟಿಗಳನ್ನು ಗುರುತಿಸಲು ಕಲಿತರೆ ಚೊಂಬಿಗೂ ಕೆನ್ನೆಗೂ ಅದೇ ಲೆಕ್ಕ. ಔಟ್‌ಲೈನ್ ತಪ್ಪಿದ್ದರೆ ಎಷ್ಟೇ ಶೇಡಿಂಗ್ ಮಾಡಿದರೂ ಚಿತ್ರ ಉಳಿಯುವುದಿಲ್ಲ. ಒಳ್ಳೆಯ ಶಿಕ್ಷಕರು ಇದನ್ನು ಬೇಗ ಹಿಡಿಸದಿರುವುದು ಅದಕ್ಕೇ.

ಇಂಥ ಕ್ರಮವನ್ನು ಸಂಸ್ಥೆಯ ರೂಪಕ್ಕೆ ತಂದದ್ದು ಯುರೋಪಿನ ಕಲಾ ಅಕಾಡೆಮಿಗಳು. ಚಿತ್ರಕಾರ ವಸಾರಿಯ ಮುತುವರ್ಜಿಯಲ್ಲಿ 1563ರಲ್ಲಿ ಫ್ಲಾರೆನ್ಸ್‌ನಲ್ಲೂ 1648ರಲ್ಲಿ ಪ್ಯಾರಿಸ್ಸಿನಲ್ಲೂ ಅವು ಹುಟ್ಟಿದವು. ಮೊದಲು ಹಿರಿಯರ ರೇಖಾಚಿತ್ರಗಳ ನಕಲು, ಅನಂತರ ಪ್ಲಾಸ್ಟರಿನ ಶಿಲ್ಪಗಳನ್ನು ನೋಡಿ ಬರೆಯುವುದು, ಕೊನೆಗೆ ಜೀವಂತ ರೂಪದರ್ಶಿ ಎಂಬ ಮೂರು ಮೆಟ್ಟಿಲು ಅಲ್ಲಿ ಗಟ್ಟಿಯಾಯಿತು. ನಕಲಿಗೆಂದೇ ತಯಾರಾದ ಮಾದರಿಗಳಲ್ಲಿ ಶ್ರೇಷ್ಠವಾದದ್ದು ಫ್ರಾನ್ಸಿನ ಕಲಾವಿದ ಷಾರ್ಲ್ ಬಾರ್ಗ್, ಚಿತ್ರಕಾರ ಜೆರೋಮ್ ಜೊತೆಗೂಡಿ 1860ರ ದಶಕದ ಕೊನೆಯಲ್ಲಿ ಹೊರತಂದ ಪಾಠಮಾಲೆ. ಅದರಲ್ಲಿ 197 ಶಿಲಾಮುದ್ರಿತ ಹಾಳೆಗಳಿವೆ. ಹಲವು ಹಾಳೆಗಳಲ್ಲಿ ಒಂದು ಪಾದವೋ ಕಿವಿಯೋ ಎರಡು ಸಲ ಇರುತ್ತದೆ. ಎಡಕ್ಕೆ ಬಾಗುಗಳನ್ನೆಲ್ಲ ನೇರ ಗೆರೆಗಳಿಗೆ ಇಳಿಸಿದ ಒರಟು ಚೌಕಟ್ಟು, ಬಲಕ್ಕೆ ಮುಗಿದ ಚಿತ್ರ. ಬಾಗನ್ನು ನೇರವಾಗಿ ಹಿಡಿಯಲು ಕಣ್ಣಿಗೆ ಕಷ್ಟ, ಆದರೆ ಅದರ ಅತಿ ಹೊರಗಿನ ಬಿಂದುಗಳನ್ನು ನೇರ ಗೆರೆಗಳಿಂದ ಜೋಡಿಸಿದರೆ ಪ್ರತಿ ಗೆರೆಯ ಓರೆಯನ್ನೂ ಅಳೆಯಬಹುದು. ನಕಲು ಮಾಡುವವರು ಅರಿಯದೆಯೇ ಅಳೆಯುವ ರೀತಿಯನ್ನು ಕಲಿತುಬಿಡುತ್ತಾರೆ.

ಈ ಪಾಠಮಾಲೆಯ ಅತಿ ಪ್ರಸಿದ್ಧ ವಿದ್ಯಾರ್ಥಿ ವಿನ್ಸೆಂಟ್ ವಾನ್ ಗೋ. 1880ರಲ್ಲಿ, 27ರ ವಯಸ್ಸಿನಲ್ಲಿ, ಬೆಲ್ಜಿಯಮ್ಮಿನ ಗಣಿ ಪ್ರದೇಶದಲ್ಲಿದ್ದಾಗ ಕಲಾವಿದನಾಗಬೇಕೆಂದು ಗಟ್ಟಿಮಾಡಿಕೊಂಡ ಆತ ಬಾರ್ಗ್‌ನ ಇದ್ದಿಲಿನ ಅಭ್ಯಾಸದ 60 ಹಾಳೆಗಳನ್ನು ಒಂದಕ್ಕಿಂತ ಹೆಚ್ಚು ಸಲ ನಕಲು ಮಾಡಿದ. 1882ರಲ್ಲಿ ಹೇಗ್ ನಗರದಲ್ಲಿ ತಂತಿಗಳನ್ನು ಅಡ್ಡ, ಉದ್ದ, ಓರೆಯಾಗಿ ಕಟ್ಟಿದ ಮರದ ಚೌಕಟ್ಟೊಂದನ್ನು ಮಾಡಿಸಿಕೊಂಡು, ಅದರ ಮೂಲಕ ಹೊಲ-ಮನೆಗಳನ್ನು ನೋಡಿ ಪರ್ಸ್ಪೆಕ್ಟಿವ್ ಕಲಿತ. ಉನ್ಮಾದದಲ್ಲಿ ಬಣ್ಣ ಎರಚಿದ ಪ್ರತಿಭೆ ಎಂದು ಜನಪ್ರಿಯನಾಗಿರುವ ಕಲಾವಿದನ ಹಿಂದೆ ಇಷ್ಟು ಶ್ರದ್ಧೆಯ ಅಭ್ಯಾಸವಿತ್ತು ಎಂಬುದನ್ನು ಇನ್ನೂ ಹೆಚ್ಚು ಜನ ತಿಳಿಯಬೇಕಾಗಿದೆ.

ಭಾರತದಲ್ಲಿ ಅಳತೆಯ ಶಿಸ್ತು ಅಕಾಡೆಮಿಗಳಿಗಿಂತ ಬಹಳ ಹಿಂದಿನದು. ಶಿಲ್ಪಶಾಸ್ತ್ರಗಳ ತಾಳಮಾನದಲ್ಲಿ ಮುಖದ ಉದ್ದವೇ ಮೂಲ ಅಳತೆ. ಒಂದು ತಾಳಕ್ಕೆ 12 ಅಂಗುಲ, ನವತಾಳದ ವಿಗ್ರಹಕ್ಕೆ 108 ಅಂಗುಲ. ಮೈಸೂರು ಸಂಪ್ರದಾಯದ ಚಿತ್ರಗಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಂಡು, ಅದರಿಂದ ಮೊದಲ ರೇಖೆ ಎಳೆಯುತ್ತಿದ್ದರು. ಈ ಪದ್ಧತಿಯಲ್ಲಿ ಕಲಿಯುವವರ ಮುಂದೆ ರೂಪದರ್ಶಿ ಇರಲಿಲ್ಲ. ಸಿದ್ಧ ಪ್ರಮಾಣವೂ ಹಿರಿಯರ ಕೈಯೂ ಇದ್ದವು. ಬ್ರಿಟಿಷರ ಕಾಲದಲ್ಲಿ 1850ರಲ್ಲಿ ಮದರಾಸು, 1854ರಲ್ಲಿ ಕಲ್ಕತ್ತಾ, 1857ರಲ್ಲಿ ಮುಂಬಯಿಯಲ್ಲಿ ಕಲಾಶಾಲೆಗಳು ತೆರೆದಾಗ ಪ್ಲಾಸ್ಟರ್ ಶಿಲ್ಪ ನೋಡಿ ಬರೆಯುವ ಯುರೋಪಿನ ಕ್ರಮ ಇಲ್ಲಿಗೂ ಬಂತು. ಕಲ್ಕತ್ತಾ ಶಾಲೆಯ ಮುಖ್ಯಸ್ಥನಾಗಿ 1896ರಲ್ಲಿ ಬಂದ ಇ.ಬಿ. ಹ್ಯಾವೆಲ್ ಅದನ್ನು ಪ್ರಶ್ನಿಸಿ ಭಾರತೀಯ ಮಾದರಿಗಳನ್ನು ಮುಂದಿಟ್ಟ. ಅವನೀಂದ್ರನಾಥ ಟ್ಯಾಗೋರರ ಬಳಗ ಬೆಳೆದದ್ದು ಆ ನೆಲದಲ್ಲಿ. ಚಿತ್ರಗಾರರ ಮನೆತನದಲ್ಲೇ ಹುಟ್ಟಿದ ಮೈಸೂರಿನ ಕೆ. ವೆಂಕಟಪ್ಪನವರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಶಿಷ್ಯರಾದರು. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂದೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲೂ ಅಭ್ಯಾಸ ಮಾಡಿದರು. ನೃತ್ಯದ ಚಲನೆಯನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿಯುವ ಅವರ ರೇಖೆ ಅಷ್ಟು ಸಲೀಸಾಗಿ ಹರಿಯುವುದಕ್ಕೆ ಆ ದೀರ್ಘ ಶಿಸ್ತೂ ಒಂದು ಕಾರಣ. ಇಂದು ಕರ್ನಾಟಕದಲ್ಲಿ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಹಾಗೂ 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಈ ಶಿಕ್ಷಣದ ದೊಡ್ಡ ಕೇಂದ್ರಗಳು. ಶಾಲಾ ಮಕ್ಕಳಿಗೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿವೆ.

ಇಷ್ಟೆಲ್ಲ ಅಭ್ಯಾಸಗಳಿದ್ದೂ ಶಿಕ್ಷಕರು ಏಕೆ ಬೇಕು? ಅಭ್ಯಾಸದೊಳಗಿನ ಪರೀಕ್ಷೆ ತಪ್ಪಾಗಿದೆ ಎಂದು ಹೇಳುತ್ತದೆ, ಏಕೆ ತಪ್ಪಾಯಿತು ಎಂದು ಹೇಳುವುದಿಲ್ಲ. ಅಂಕುಡೊಂಕಾದ ಒಂದು ಗೆರೆಗೆ ಆತುರ ಕಾರಣವಿರಬಹುದು, ಮಣಿಕಟ್ಟಿನಿಂದ ಎಳೆದದ್ದಿರಬಹುದು, ಹಾಳೆ ಓರೆಯಾಗಿ ಕೂತದ್ದೂ ಇರಬಹುದು. ನೂರಾರು ಕೈಗಳನ್ನು ಕಂಡ ಶಿಕ್ಷಕರು ಗೆರೆಯನ್ನು ನೋಡಿಯೇ ಇವುಗಳಲ್ಲಿ ಯಾವುದೆಂದು ಗುರುತಿಸುತ್ತಾರೆ.

ವಿದ್ಯಾರ್ಥಿ ಬರೆದ ಚೊಂಬಿನ ಚಿತ್ರವನ್ನು ಅನುಭವಿ ಶಿಕ್ಷಕರು ತಿದ್ದುವ ರೀತಿಯಲ್ಲಿ ಒಂದು ಕ್ರಮ ಕಾಣುತ್ತದೆ. ಮೊದಲು ಚೊಂಬಿನ ನಡುವೆ ಒಂದು ನೆಟ್ಟನೆಯ ಅಕ್ಷರೇಖೆ ಎಳೆಯುತ್ತಾರೆ. ಹಾಳೆಯನ್ನು ಆ ಗೆರೆಗುಂಟ ಮಡಚಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಎಡಹೊಟ್ಟೆ ಬಲಹೊಟ್ಟೆಗಿಂತ ಎಷ್ಟು ಉಬ್ಬಿದೆ ಎಂಬುದನ್ನು ವಿದ್ಯಾರ್ಥಿಯೇ ಕಾಣುತ್ತಾನೆ, ಯಾರೂ ಹೇಳಬೇಕಾಗುವುದಿಲ್ಲ. ಅನಂತರ ಅವನು ಕೂತ ಜಾಗದಲ್ಲೇ ತಾವು ಕೂತು, ಅವನ ಕಣ್ಣಿನ ಎತ್ತರಕ್ಕೆ ತಲೆ ತಗ್ಗಿಸಿ ಚೊಂಬನ್ನು ನೋಡುತ್ತಾರೆ. ಇದನ್ನು ಬಿಟ್ಟು ನಿಂತಲ್ಲಿಂದಲೇ ತಿದ್ದುವುದು ದೊಡ್ಡ ತಪ್ಪು, ಏಕೆಂದರೆ ನಿಂತವರಿಗೆ ಕಾಣುವ ಬಾಯಿ ಕೂತವನಿಗೆ ಕಾಣುವುದಕ್ಕಿಂತ ದುಂಡಗಿರುತ್ತದೆ. ಆಮೇಲೆ ಹಾಳೆಯ ಅಂಚಿನಲ್ಲಿ ಬಾಯಿಯ ದೀರ್ಘವೃತ್ತವೊಂದನ್ನೇ ಬರೆದು ತೋರಿಸುತ್ತಾರೆ. ಉಳಿದ ಮೂರ್ನಾಲ್ಕು ತಪ್ಪುಗಳು ಕಂಡರೂ ಅವತ್ತಿಗೆ ಸುಮ್ಮನಿರುತ್ತಾರೆ. ಕೊನೆಗೆ, ಅದೇ ಚಿತ್ರವನ್ನು ತಿದ್ದು ಎನ್ನುವ ಬದಲು, ಬೇರೆ ಬೇರೆ ಎತ್ತರದಲ್ಲಿಟ್ಟ ಲೋಟದ ಬಾಯಿಯನ್ನು ಒಂದು ಪುಟ ತುಂಬ ಬರೆದು ತಾ ಎನ್ನುತ್ತಾರೆ. ತಪ್ಪು ಕಂಡಿತು, ಕಾರಣ ತಿಳಿಯಿತು, ಅದಕ್ಕೆ ತಕ್ಕ ಅಭ್ಯಾಸವೂ ಸಿಕ್ಕಿತು. ತಿದ್ದುಪಡಿ ಎಂದರೆ ಈ ಮೂರೂ ಕೂಡಿರಬೇಕು.

ಎಲ್ಲ ತಿದ್ದುಪಡಿಯೂ ಒಳ್ಳೆಯದನ್ನೇ ಮಾಡುತ್ತದೆ ಎಂದು ತಿಳಿಯುವಂತಿಲ್ಲ. ಕ್ಲೂಗರ್ ಮತ್ತು ಡೆನಿಸಿ ಎಂಬ ಸಂಶೋಧಕರು ಹಲವು ಕ್ಷೇತ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಪ್ರತಿಕ್ರಿಯೆಯಿಂದ ಸರಾಸರಿ ಲಾಭವಿದ್ದರೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಸಾಧನೆ ಕುಸಿದದ್ದು ಕಂಡುಬಂತು. ಗಮನ ಕೆಲಸದಿಂದ ಕಳಚಿ ವ್ಯಕ್ತಿಯ ಮೇಲೆ ಹೋದಷ್ಟೂ ಲಾಭ ಕಡಿಮೆ ಎಂಬುದು ಅವರ ವಿವರಣೆ. ನಿನಗೆ ಕೈಯೇ ಇಲ್ಲ ಎಂಬ ಬೈಗುಳವೂ, ನೀನು ಹುಟ್ಟು ಕಲಾವಿದ ಎಂಬ ಹೊಗಳಿಕೆಯೂ ಚೊಂಬಿನ ಬಾಯಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೈಗುಳದಿಂದ ಚಿತ್ರ ಬಿಟ್ಟ ಮಕ್ಕಳು ಎಷ್ಟೋ ಮಂದಿ. ಹೊಗಳಿಕೆಯನ್ನು ಉಳಿಸಿಕೊಳ್ಳಲು ಕಷ್ಟದ ಅಭ್ಯಾಸಕ್ಕೆ ಕೈಹಾಕದೆ ಬರುವುದನ್ನಷ್ಟೇ ಬರೆಯುತ್ತ ಕೂತವರೂ ಇದ್ದಾರೆ.

ತಿದ್ದುಪಡಿಗೆ ಅಂತರವೂ ಬೇಕು. 19ನೇ ಶತಮಾನದ ಪ್ಯಾರಿಸ್ಸಿನ ಕಲಾಶಾಲೆಗಳಲ್ಲಿ ಗುರು ವಾರಕ್ಕೆ ಒಂದೆರಡು ಸಲ ಮಾತ್ರ ಬಂದು ಪ್ರತಿಯೊಬ್ಬರ ಹಾಳೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಉಳಿದ ದಿನಗಳಲ್ಲಿ ವಿದ್ಯಾರ್ಥಿಗಳು ತಾವೇ ಹೋರಾಡಬೇಕಿತ್ತು. ಇದು ಅನುಕೂಲದ ಏರ್ಪಾಡಾಗಿದ್ದಿರಬಹುದು, ಆದರೂ ಅದರಲ್ಲಿ ಲಾಭವಿತ್ತು. ಪ್ರತಿ ಗೆರೆಗೂ ತಿದ್ದುಪಡಿ ಸಿಕ್ಕರೆ ಆ ಹೊತ್ತಿಗೆ ಚಿತ್ರ ಚೆನ್ನಾಗಿ ಬರುತ್ತದೆ, ಶಿಕ್ಷಕರು ಪಕ್ಕದಿಂದ ಎದ್ದ ಮೇಲೆ ಕೈಗೆ ದಿಕ್ಕು ತೋಚುವುದಿಲ್ಲ. ವಿದ್ಯಾರ್ಥಿಯ ಚಿತ್ರದ ಮೇಲೆಯೇ ಶಿಕ್ಷಕರು ಬರೆದು ಸುಂದರಗೊಳಿಸುವ ರೂಢಿಯಿಂದ ಬರುವ ನಷ್ಟವೂ ಇದೇ. ಟ್ರೇಸಿಂಗ್ ಕಾಗದವನ್ನು ಮೇಲೆ ಹಾಸಿ ತಿದ್ದಿದರೆ ವಿದ್ಯಾರ್ಥಿಯ ಗೆರೆ ಕೆಳಗೆ ಹಾಗೇ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಅವನು ಮನೆಗೆ ಹೋಗಿಯೂ ನೋಡಬಹುದು.

ಶಿಕ್ಷಕರು ಹತ್ತಿರವಿಲ್ಲದವರಿಗೆ ದಾರಿಗಳಿಲ್ಲವೆಂದಲ್ಲ. ಚಿತ್ರವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಎಡಬಲ ತಿರುಗಿಸಿದರೆ ಆಲ್ಬರ್ಟಿಯ ಕನ್ನಡಿ ಸಿಕ್ಕಂತಾಯಿತು. ದಾರಕ್ಕೆ ಒಂದು ಬೀಗದ ಕೈ ಕಟ್ಟಿ ತೂಗಿಬಿಟ್ಟರೆ ನೆಟ್ಟನೆಯ ಗೆರೆಗೆ ತೂಗುಗುಂಡು ಸಿದ್ಧ. ಮಾದರಿಯ ನಕಲು ಮಾಡಿದ್ದರೆ ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಬಹುದು. ಬರೆದದ್ದನ್ನು ಒಂದು ರಾತ್ರಿ ಮಗುಚಿಟ್ಟು ಮಾರನೆಯ ದಿನ ನೋಡುವುದೂ ಒಳ್ಳೆಯದು. ಹಿಂದಿನ ದಿನದ ನೋಟದ ರೂಢಿ ಅಷ್ಟರಲ್ಲಿ ಸಡಿಲವಾಗಿರುತ್ತದೆ. ಇವೆಲ್ಲ ಅಳತೆಯ ತಪ್ಪನ್ನು ತೋರಿಸುತ್ತವೆ. ಕೈಯ ರೂಢಿಯ ತಪ್ಪನ್ನು, ಮುಂದೆ ಯಾವ ಅಭ್ಯಾಸ ಹಿಡಿಯಬೇಕೆಂಬುದನ್ನು ತೋರಿಸಲಾರವು. ಅದಕ್ಕೆ ತಿಂಗಳಿಗೊಮ್ಮೆಯಾದರೂ ಬಲ್ಲವರ ಕಣ್ಣಿಗೆ ಹಾಳೆಗಳನ್ನು ಒಡ್ಡಬೇಕು. ಹಾಗೆ ಒಡ್ಡುವಾಗ ಚೆನ್ನಾಗಿ ಬಂದ ಒಂದನ್ನು ಆರಿಸದೆ, ಕೆಟ್ಟವೂ ಸೇರಿದಂತೆ ಪುಟಗಳನ್ನು ಬರೆದ ಕ್ರಮದಲ್ಲೇ ತೋರಿಸಬೇಕು. ತಿದ್ದುವವರಿಗೆ ಬೇಕಾದ ಮಾಹಿತಿ ಇರುವುದು ಆ ಕೆಟ್ಟ ಪುಟಗಳಲ್ಲಿ.

ಅಭ್ಯಾಸವೊಂದನ್ನೇ ಹಿಡಿದವರಿಗೆ ಬೇರೊಂದು ಅಪಾಯವಿದೆ. ಪೆಟ್ಟಿಗೆ, ದೀರ್ಘವೃತ್ತಗಳಲ್ಲೇ ತಿಂಗಳು ಕಳೆದು, ಚಿತ್ರ ಬರೆಯಬೇಕೆಂದು ಮೊದಲು ಹಂಬಲಿಸಿದ್ದು ಏನನ್ನು ಎಂಬುದೇ ಮರೆತುಹೋಗುತ್ತದೆ. ಅದಕ್ಕಾಗಿ ಕರೀಮ್ ತಮ್ಮ ಪಾಠಮಾಲೆಯಲ್ಲಿ ಒಂದು ನಿಯಮವಿಟ್ಟಿದ್ದಾರೆ: ಬರೆಯುವ ಸಮಯದಲ್ಲಿ ಅರ್ಧ ಅಭ್ಯಾಸಕ್ಕೆ, ಇನ್ನರ್ಧ ಕೇವಲ ಖುಷಿಗೆ. ಖುಷಿಯ ಪಾಲಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಬೇಕು, ಅದನ್ನು ಯಾರಿಗೂ ತೋರಿಸಬೇಕಿಲ್ಲ, ತಿದ್ದಿಸಿಕೊಳ್ಳಬೇಕಿಲ್ಲ. ಪಾಠ ಮುಂದುವರಿದಂತೆ ಹಳೆಯ ವರಸೆಗಳೂ ಬಿಟ್ಟುಹೋಗುವುದಿಲ್ಲ. ಪ್ರತಿ ದಿನ ಬರೆಯಲು ಕೂತಾಗ ಕಲಿತು ಮುಗಿದ ಅಭ್ಯಾಸಗಳಲ್ಲಿ ಎರಡು ಮೂರನ್ನು ಆರಿಸಿಕೊಂಡು ಹತ್ತು ಹದಿನೈದು ನಿಮಿಷ ಮಾಡಿ, ಆಮೇಲೆ ಅಂದಿನ ಚಿತ್ರಕ್ಕೆ ಕೈಹಾಕುವುದು ಅಲ್ಲಿನ ಪದ್ಧತಿ.